ನಲವತ್ತೈದು ಡಿಗ್ರಿಯ ಮಾವ

ನಮ್ಮ ಸೋದರಮಾವನಿಗೆ ನೆಟ್ಟಗೆ ನಿಂತದ್ದು ಯಾವುದು ಕಂಡರೂ ಸಹನೆಯಿಲ್ಲ! ತೆಂಗಿನಮರವಿರಲಿ, ಬಸ್ಸು ಕಾಯುವ ಮನುಷ್ಯನಿರಲಿ, ಅದರ ಎತ್ತರ ತಿಳಿಯುವವರೆಗೆ ಅವರಿಗೆ ಊಟ ಸೇರದು. ಮರ ಹತ್ತಿ ಅಳೆಯಬಹುದಲ್ಲ ಎನ್ನುತ್ತೀರಾ? ಛೇ! ಹತ್ತುವುದು ಮಂಗನ ಕೆಲಸವಂತೆ. ಮನುಷ್ಯನಾದವನು ನೆಲದ ಮೇಲೆ ನಿಂತೇ ಲೆಕ್ಕ ಹಾಕಬೇಕಂತೆ.

ಐವತ್ತರ ದಶಕದಲ್ಲಿ ಅವರು ಉಡುಪಿಯ ಬಟ್ಟೆ ಅಂಗಡಿಯೊಂದರಲ್ಲಿದ್ದರು. ಹಗಲೆಲ್ಲ ಸೀರೆ, ಪಂಚೆ ಅಳೆದೂ ಸಾಲದೆ ಮರದ ಕೋನಮಾಪಕವೊಂದಕ್ಕೆ ದಾರ ಕಟ್ಟಿ, ಮೀನುಬಲೆಯ ಸೀಸದ ಗುಂಡು ತೂಗಿಬಿಟ್ಟು, ಒಂದು ಯಂತ್ರ ಮಾಡಿಕೊಂಡಿದ್ದರು. ಅದನ್ನು ಕಣ್ಣಿಗೆ ಹಿಡಿದು ಮರದ ತುದಿ ನೋಡಿದರೆ ದಾರ ಡಿಗ್ರಿ ತೋರಿಸುತ್ತಿತ್ತು. "ನಲವತ್ತೈದು ಡಿಗ್ರಿ ಬಂತೋ, ಬುಡಕ್ಕೆ ನೀನು ಎಷ್ಟು ದೂರವೋ ಮರ ಅಷ್ಟೇ ಎತ್ತರ. ಇಷ್ಟೇ ಟ್ಯಾನ್ ಅಂದರೆ!" ಎಂದು ಗಿರಾಕಿಗಳಿಗೂ ಪಾಠ ಹೇಳುತ್ತಿದ್ದರು. ರವಿಕೆ ಕಣ ಕೊಳ್ಳಲು ಬಂದ ಹೆಂಗಸರು ತ್ರಿಕೋನಮಿತಿ ಕಲಿತು ಹೋಗುತ್ತಿದ್ದರು!

ಒಮ್ಮೆ ಅವರ ಅಂಗಳದ ಒಣಗಿದ ತೆಂಗಿನಮರ ಕಡಿಸಬೇಕಾಯಿತು. ಬಚ್ಚಲಕೋಣೆ ಮರದಿಂದ ನಲವತ್ತೆರಡು ಅಡಿ ದೂರ. ಅತ್ತೆಗೆ ಹೆದರಿಕೆ. ಮಾವ ಯಂತ್ರ ಹಿಡಿದರು, ನಲವತ್ತೈದು ಡಿಗ್ರಿ ಬರುವಲ್ಲಿ ನಿಂತರು, ಬುಡದವರೆಗೆ ಹಗ್ಗ ಎಳೆದರು. ನಲವತ್ತು ಅಡಿ! "ಇನ್ನೂ ಎರಡು ಅಡಿ ಜಾಗ ಉಂಟು. ಕಡಿಯಿರಿ!"

ಮರ ಬಿತ್ತು. ಅದರ ತುದಿಯ ಮೂರು ಅಡಿ ಬಚ್ಚಲ ಹೆಂಚನ್ನು ಒಡೆದು ನೇರ ಹಂಡೆಯೊಳಗೆ!

ಮಾವ ಹೆಂಚಿನ ಚೂರುಗಳ ನಡುವೆ ಕುಳಿತು ಮತ್ತೆ ಲೆಕ್ಕ ಹಾಕಿದರು. ಆಮೇಲೆ ಹಣೆ ಚಚ್ಚಿಕೊಂಡರು. "ಅಯ್ಯೋ, ನೆಲದಿಂದ ನನ್ನ ಕಣ್ಣಿನವರೆಗಿನ ಐದು ಅಡಿ ಸೇರಿಸಲು ಮರೆತೆ ಮಾರಾಯ್ತಿ!"

"ಸೇರಿಸಿದ್ದರೆ ನನ್ನ ಹಂಡೆ ಉಳಿಯುತ್ತಿತ್ತಲ್ಲ!" ಎಂದರು ಅತ್ತೆ.

ಇಷ್ಟಕ್ಕೆ ಬುದ್ಧಿ ಬಂತೇ? ಮುಂದಿನ ಭಾನುವಾರವೇ ಕಾಪುವಿನ ದೀಪಸ್ತಂಭದ ಎದುರು ಹಾಜರ್! ಯಂತ್ರ ಕಣ್ಣಿಗೊತ್ತಿ ಹಿಂದೆ ಹಿಂದೆ ನಡೆದರು. "ನಲವತ್ತೇಳು! ಇನ್ನು ಮೂರು ಹೆಜ್ಜೆ!" ಎರಡನೆಯ ಹೆಜ್ಜೆಗೆ ಒಣಹಾಕಿದ ಬೂತಾಯಿ ಮೀನಿನ ಮೇಲೆ ಅಂಗಾತ ಬಿದ್ದರು.

"ಎಂತ ಇದು, ಬೆನ್ನಿಗೆ ಕಣ್ಣು ಇಲ್ವಾ ನಿಮಗೆ?" ಎಂದು ಮೀನಿನ ಒಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಒಂದು ನಿಮಿಷ, ಅಕ್ಕಾ. ಇನ್ನೊಂದೇ ಹೆಜ್ಜೆ ಉಂಟು!"

ಇಂಥವರನ್ನು ಹೆಣ್ಣು ನೋಡುವ ಶಾಸ್ತ್ರಕ್ಕೆ ಕರೆಯಬಹುದೇ? ಅಮ್ಮ ಕರೆದುಬಿಟ್ಟಳು. ನೋಡಿಸಿಕೊಳ್ಳುವವಳು ನಾನು, ಬರುವವನು ಕಾರ್ಕಳದ ಹುಡುಗ. ನಾನು ಉದ್ದ, ಹುಡುಗ ಗಿಡ್ಡನಾದರೆ ಏನು ಗತಿ ಎಂಬುದೇ ಅಮ್ಮನ ಚಿಂತೆ. ಹುಡುಗ ಅಂಗಳಕ್ಕೆ ಬಂದದ್ದೇ ತಡ, ಜಗಲಿಯಿಂದ ಮಾವ, "ಅಲ್ಲೇ ನಿಲ್ಲಿ! ಸ್ವಲ್ಪ ನೆಟ್ಟಗೆ!" ಎಂದು ಯಂತ್ರ ಹಿಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹುಡುಗ ಓಡಿಹೋಗಲಿಲ್ಲ. ಹತ್ತಿರ ಬಂದು, "ಟ್ಯಾನ್ ಲೆಕ್ಕವಾ? ನಮ್ಮ ಗೊಮ್ಮಟನನ್ನು ಅಳೆದಿದ್ದೀರಾ?" ಎಂದು ಕೇಳಿದ. ಮುಗಿಯಿತು! ಇಬ್ಬರೂ ಜಗಲಿಯ ಮೂಲೆಯಲ್ಲಿ ಕಾಗದ ಹರಡಿ ಕುಳಿತರು. ನಾನು ಕಾಫಿ ಕೊಟ್ಟರೆ ಆತ ತಲೆ ಎತ್ತದೆ ತೆಗೆದುಕೊಂಡ. ನನ್ನ ಗಂಡ ನನ್ನ ಮುಖವನ್ನು ಸರಿಯಾಗಿ ನೋಡಿದ್ದು ತಾಳಿ ಕಟ್ಟುವಾಗಲೇ!

ನನ್ನ ಮದುವೆಯಾಗಿ ಕೆಲವು ವರ್ಷಗಳ ಮೇಲೆ ಸೋದರಮಾವನ ಮನೆಯ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಬಲಗಾಲು ಏಳದು. ಜಗಲಿಯ ನಾಲ್ಕು ಮೆಟ್ಟಿಲು ಇಳಿಯಲಾರದೆ ಅವರು ದಿನವಿಡೀ ಅಲ್ಲೇ ಕುಳಿತು, ತಾವು ನೆಟ್ಟ ಮಲ್ಲಿಗೆ ಗಿಡಗಳನ್ನು ದೂರದಿಂದ ನೋಡುತ್ತಿದ್ದರು. ಎತ್ತಿಕೊಂಡು ಹೋಗುತ್ತೇವೆ ಎಂದರೆ, "ನಾನೇನು ಅಕ್ಕಿಮುಡಿಯಾ?" ಎಂದು ಮುಖ ತಿರುಗಿಸುತ್ತಿದ್ದರು.

ಮಾವ ಅಂಗಡಿಗೆ ರಜೆ ಹಾಕಿದರು. ಹಲಗೆಯೊಂದನ್ನು ಓರೆಯಾಗಿಟ್ಟು ಅತ್ತೆಯನ್ನು ಅದರ ಮೇಲೆ ನಡೆಸಿ ನೋಡಿದರು. ಹತ್ತು ಡಿಗ್ರಿಗೆ ಅತ್ತೆಯ ಉಸಿರು ಕಟ್ಟಿತು. ಎಂಟಕ್ಕೆ ಮೊಣಕಾಲು ನಡುಗಿತು. ಐದು ಡಿಗ್ರಿಗೆ ನಡೆದರು! ಜಗಲಿಯ ಎತ್ತರ ಎರಡೂವರೆ ಅಡಿ. ಅದನ್ನು ಐದು ಡಿಗ್ರಿಯ ಸೈನ್‌ನಿಂದ ಭಾಗಿಸಿದರೆ ಇಪ್ಪತ್ತೊಂಬತ್ತು ಅಡಿಗೆ ಒಂದಿಷ್ಟು ಕಡಿಮೆ. ಅಷ್ಟುದ್ದದ ಓರೆದಾರಿಯನ್ನು ಕೆಂಪುಕಲ್ಲಿನಲ್ಲಿ ಕಟ್ಟಿಸಲು ಶುರುಮಾಡಿದರು.

"ಜಗಲಿಗೆ ಎತ್ತಿನಗಾಡಿ ಹತ್ತಿಸುವುದಾ ಮಾರಾಯ್ರೇ?" ಎಂದು ನೆರೆಯವರು ನಕ್ಕರು. ಮಾವ ಅಂದು ಯಾರಿಗೂ ಪಾಠ ಹೇಳಲಿಲ್ಲ.

ದಾರಿ ಮುಗಿದ ದಿನ ನಾನು ಅಲ್ಲಿದ್ದೆ. ಅತ್ತೆ ಎಡಗೈಯಲ್ಲಿ ಕೋಲು ಹಿಡಿದು ಹೆಜ್ಜೆ ಇಟ್ಟರು. "ನೀವು ಕೈ ಬಿಡಿ, ನಾನೇ ಹೋಗುತ್ತೇನೆ." ಮಾವ ಕೈ ಬಿಟ್ಟರು. ಆದರೆ ಎರಡೂ ಕೈ ಚಾಚಿಕೊಂಡೇ ಹಿಂದಿನಿಂದ ನಡೆದರು. ಅತ್ತೆ ಅಂಗಳ ತಲುಪಿದರು. ಮಲ್ಲಿಗೆಯ ಬುಡಕ್ಕೆ ಬಾಗಿ ಮಣ್ಣು ಮುಟ್ಟಿ ನೋಡಿದರು.

"ಎಂತ ಇದು? ಇಷ್ಟು ದಿನ ನೀರೇ ಹಾಕಲಿಲ್ವಾ ನೀವು?"

ಮಾವ ಕಣ್ಣೊರೆಸಿಕೊಂಡು ಕೊಡಪಾನ ತರಲು ಬಾವಿಯ ಕಡೆಗೆ ಓಡಿದರು.