ಕುತ್ತಿಗೆ ಯಾರ ಪಾಲಿಗೆ

ಹೆಂಡತಿ ಕರೆದರೆ ತಿರುಗಿ ನೋಡುವ ಅಭ್ಯಾಸ ಬಸ್ ಡ್ರೈವರನಿಗೆ ಇರಲಿಲ್ಲ. ರಸ್ತೆಯ ಮೇಲೆ ಕಣ್ಣಿಟ್ಟು ಬದುಕಿದವನು. ಮನೆಯಲ್ಲೂ "ಹೂಂ" ಎಂದರೆ ಮುಗಿಯಿತು. ಆ ದಿನ ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಿದ್ದಾಗ ಅಡುಗೆಮನೆಯಿಂದ ಅವಳು ಕರೆದಳು. ಏನು ತೋಚಿತೋ, ಎಡಕ್ಕೆ ತಿರುಗಿ ನೋಡಿದ. ಕಟ್ ಎಂದಿತು. ಹೋದ ಕತ್ತು ವಾಪಸ್ಸು ಬರಲಿಲ್ಲ.

"ಯಾಕ್ರೀ ಹಾಗೆ ನೋಡ್ತಿದೀರಾ?" ಎಂದಳು ಹೆಂಡತಿ, ಸ್ವಲ್ಪ ನಾಚಿ.

"ನೋಡ್ತಿಲ್ಲ ಕಣೆ. ಸಿಕ್ಕಾಕ್ಕೊಂಡಿದೆ."

ರಜೆಯೆಲ್ಲ ಮುಗಿದುಹೋಗಿತ್ತು. ಫೋನ್ ಮಾಡಿದರೆ ಡಿಪೋ ಮ್ಯಾನೇಜರ್, "ಇವತ್ತೊಂದು ದಿನ ಬಿಡ್ತೀನಿ. ನಾಳೆ ಕತ್ತು ನೆಟ್ಟಗಿರ್ಬೇಕು. ಇಲ್ಲಾಂದ್ರೆ ನಿನ್ನ ರೂಟಿಗೆ ಬೇರೆಯವರನ್ನ ಹಾಕ್ತೀನಿ" ಎಂದ.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಅಷ್ಟರಲ್ಲಿ ಬಾಗಿಲಲ್ಲಿದ್ದರು. ಬೇರೆಯವರ ಕಾಯಿಲೆ ಎಂದರೆ ಅವರಿಗೆ ಪಾಠದ ಗಂಟೆ ಹೊಡೆದಂತೆ.

"ಸರ್ಕಾರಿ ಆಸ್ಪತ್ರೆಗೆ ನಡಿಯಪ್ಪ. ಮೊದಲಿನ ಹಾಗಿಲ್ಲ ಅದು. ಮೂಳೆ, ಕೀಲು ಎಲ್ಲಾ ಈಗ ಖಾಸಗಿ ಕಂಪನಿಯವರು ನೋಡ್ಕೋತಾರೆ. ದುಡ್ಡು ಸರ್ಕಾರದ್ದು, ಕೆಲಸ ಅವರದ್ದು."

ಡ್ರೈವರ್ ಏಡಿಯ ಹಾಗೆ ಓರೆಯಾಗಿ ನಡೆಯುತ್ತ ಮೇಷ್ಟ್ರ ಜೊತೆ ಹೊರಟ. ಬಸ್ಸಿನಲ್ಲಿ ಎಡಗಡೆ ಕೂತಿದ್ದ ಹೆಂಗಸು ಎರಡು ಸ್ಟಾಪು ತಡೆದುಕೊಂಡಳು. ಮೂರನೆಯದಕ್ಕೆ, "ಮನೇಲಿ ಅಕ್ಕತಂಗಿಯರಿಲ್ವಾ?" ಎಂದಳು. ಮೇಷ್ಟ್ರು ಇಡೀ ಬಸ್ಸಿಗೆ ಕೇಳುವಂತೆ ಕಾಯಿಲೆಯ ವಿವರ ಕೊಟ್ಟರು. ಅದರ ಬದಲು ಅವಳ ಹತ್ತಿರ ಒಂದೇಟು ತಿಂದಿದ್ದರೆ ಚೆನ್ನಾಗಿತ್ತು ಅನಿಸಿತು ಅವನಿಗೆ.

ಆಸ್ಪತ್ರೆಯಲ್ಲಿ ಸುಣ್ಣ ಉದುರುವ ಹಳೆ ಕಟ್ಟಡ, ಅದಕ್ಕೆ ಅಂಟಿಕೊಂಡಂತೆ ಕಂಪನಿಯ ಗಾಜಿನ ಕಟ್ಟಡ, ನಡುವೆ ಒಂದು ಉದ್ದನೆಯ ವರಾಂಡ. ಹಳೆ ಕಟ್ಟಡದಲ್ಲಿ ದೊಡ್ಡ ಡಾಕ್ಟರ ಸುತ್ತ ಜನ ಜೇನುಹುಳದಂತೆ ಮುತ್ತಿದ್ದರು. ಬೆಳಿಗ್ಗೆಯಿಂದ ಅವರು ನೀರು ಕುಡಿದಂತಿರಲಿಲ್ಲ.

"ತಲೆ, ಕಣ್ಣು, ಮೂಗು ನಮ್ದು. ಮೂಳೆ ಕೊಟ್ಬಿಟ್ಟಿದೀವಿ. ಆ ಕಡೆ ಹೋಗಿ."

ಆ ಕಡೆ ತಂಪಾಗಿತ್ತು. ಕುಡಿಯಲು ನೀರು ಕೊಟ್ಟರು. ಮ್ಯಾನೇಜರ್ ಹುಡುಗಿ ನಗುನಗುತ್ತಲೇ, "ಸರ್, ಒಪ್ಪಂದದ ಪ್ರಕಾರ ನಾವು ಭುಜದಿಂದ ಕೆಳಗೆ. ಕುತ್ತಿಗೆ ಮೇಲಿನದಲ್ವಾ?" ಎಂದಳು.

ಮತ್ತೆ ಈ ಕಡೆ, ಮತ್ತೆ ಆ ಕಡೆ. ಎರಡು ಹೊಲಗಳ ನಡುವಿನ ಬದುವಿನಂತಾಯಿತು ಕುತ್ತಿಗೆ. ತುಳಿಯುವವರೇ ಎಲ್ಲ, ನನ್ನದು ಎನ್ನುವವರಿಲ್ಲ. ವರಾಂಡದ ಬೆಂಚಿನಲ್ಲಿ ಕುಸಿದು ಕೂತ ಡ್ರೈವರನಿಗೆ ಒಂದು ಯೋಚನೆ ಬಂತು. ಒಂದೇ ಬಸ್ಸಿಗೆ ಇಬ್ಬರು ಡ್ರೈವರುಗಳನ್ನು ಹಾಕಿ, ಒಬ್ಬನಿಗೆ ಸ್ಟೀರಿಂಗ್, ಇನ್ನೊಬ್ಬನಿಗೆ ಬ್ರೇಕ್ ಕೊಟ್ಟ ಹಾಗಿದೆ ಇದು. ಇಬ್ಬರೂ ಒಳ್ಳೆಯವರೇ ಇರಬಹುದು. ಹತ್ತಿದವರ ಗತಿ?

ಪಕ್ಕದಲ್ಲಿದ್ದ ಅಜ್ಜಿ ಕೈಯನ್ನು ಎದೆಗೆ ಅವಚಿಕೊಂಡಿದ್ದಳು.

"ನಂದು ಭುಜ ಕಣಪ್ಪ, ಕಂಪನೀದೇ. ನೋವು ಕುತ್ತಿಗೆಯಿಂದ ಇಳಿಯುತ್ತೆ ಅಂತ ಬಾಯ್ತಪ್ಪಿ ಅಂದ್ಬಿಟ್ಟೆ. ಆವಾಗಿಂದ ಇಲ್ಲೇ ಇದೀನಿ. ಮೊದಲಾದ್ರೆ ಕಾಯಬೇಕಿತ್ತು ಅಷ್ಟೆ. ಈಗ ಅಲೀಬೇಕು, ಆಮೇಲೆ ಕಾಯ್ಬೇಕು."

ಮೇಷ್ಟ್ರ ಕಣ್ಣು ಹೊಳೆಯಿತು. "ನೀನೂ ಭುಜ ಅಂತ ಹೇಳಪ್ಪ. ಒಳಗೆ ಹೋದ್ಮೇಲೆ ಕುತ್ತಿಗೆ ಅವರ ಕಣ್ಣಿಗೆ ಬೀಳಲ್ವಾ?"

ಡ್ರೈವರ್ ಭುಜ ಎಂದ. ಬಿಳಿ ಹಾಸಿಗೆಯ ಮೇಲೆ ಮಲಗಿಸಿದರು, ಯಂತ್ರ ಹಾಕಿ ನೋಡಿದರು, ಎಬ್ಬಿಸಿ ನಿಲ್ಲಿಸಿದರು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಎಲ್ಲ ಆಯಿತು.

"ನಿಮ್ಮ ಭುಜ ತುಂಬಾ ಚೆನ್ನಾಗಿದೆ ಸರ್" ಎಂದಳು ಮ್ಯಾನೇಜರ್, ಗೋಡೆ ನೋಡುತ್ತಿದ್ದ ಅವನ ಮುಖಕ್ಕೆ. "ನೀವು ಗುಣವಾಗಿದ್ದೀರಿ."

ಮೇಷ್ಟ್ರಿಗೆ ರೇಗಿಹೋಯಿತು. ಡಾಕ್ಟರನ್ನೂ ಮ್ಯಾನೇಜರನ್ನೂ ವರಾಂಡಕ್ಕೆ ಕರೆತಂದು, ಡ್ರೈವರನನ್ನು ನಡುವೆ ನಿಲ್ಲಿಸಿ, "ಇವನ ಗಡಿ ಎಲ್ಲಿ, ಈಗಲೇ ತೋರಿಸಿ" ಎಂದು ಪಟ್ಟು ಹಿಡಿದರು.

"ನೋಡಿ ಮೇಷ್ಟ್ರೇ, ನಮ್ದು ಇಲ್ಲಿವರೆಗೆ" ಎಂದು ಡಾಕ್ಟರು ಅವನ ಗಲ್ಲ ಹಿಡಿದೆತ್ತಿದರು.

"ನಮ್ದು ಇಲ್ಲಿಂದ" ಎಂದು ಮ್ಯಾನೇಜರ್ ಎರಡೂ ಭುಜ ಕೆಳಕ್ಕೆ ಒತ್ತಿದಳು.

"ಸರಿಯಾಗಿ ನೋಡಮ್ಮ, ಇಲ್ಲಿ."

"ಇಲ್ಲ ಡಾಕ್ಟ್ರೇ, ಇಲ್ಲಿ."

ಕಟ್ ಎಂದಿತು. ಕತ್ತು ನೆಟ್ಟಗಾಯಿತು.

ಬೆಳಿಗ್ಗೆಯಿಂದ ಪಕ್ಕದವರನ್ನೇ ನೋಡುತ್ತಿದ್ದವನಿಗೆ ಎದುರಿಗಿದ್ದವರೆಲ್ಲ ಒಮ್ಮೆಲೇ ಕಂಡರು. ವರಾಂಡದ ಉದ್ದಕ್ಕೂ ಕಾದು ಕೂತವರು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡವರು, ಆಚೆ ಗೇಟು, ರಸ್ತೆ. ಅವನ ಕಣ್ಣು ತುಂಬಿ ಬಂತು. ನಾಳೆ ಸ್ಟೀರಿಂಗ್ ಹಿಡಿಯಬಹುದು.

"ಸರ್ಕಾರಿ ಕೈಗುಣ" ಎಂದರು ಡಾಕ್ಟರು, ಎಷ್ಟೋ ದಿನದ ಮೇಲೆ ನಕ್ಕು.

"ನಾವು ಭುಜ ಹಿಡಿದಿದ್ದಕ್ಕೆ ತಾನೇ ಡಾಕ್ಟ್ರೇ? ಇವರು ನಮ್ಮ ಪೇಷಂಟು." ಮ್ಯಾನೇಜರ್ ಆಗಲೇ ಫೋಟೋದವನನ್ನು ಕರೆಸಿದ್ದಳು. ಡಾಕ್ಟರೂ ಬಿಡಲಿಲ್ಲ, ತಮ್ಮ ಕಡೆಯ ಗುಮಾಸ್ತನ ಕೈಗೆ ಫೋನ್ ಕೊಟ್ಟು ನಿಲ್ಲಿಸಿದರು.

ಡ್ರೈವರ್ ಮೆಲ್ಲನೆ ಕೈಮುಗಿದ. "ನಾನು ಹೊರಡ್ತೀನಿ ಸ್ವಾಮಿ."

"ಒಂದೇ ಒಂದು ನಿಮಿಷ. ಈ ಕಡೆ ನೋಡಿ."

"ಸರ್, ಈ ಕಡೆ. ಸ್ವಲ್ಪ ನಗಿ."

"ಏನಪ್ಪಾ, ಇಲ್ಲಿ ನೋಡು ಅಂದ್ನಲ್ಲ."

ಯಾರ ಮನಸ್ಸೂ ನೋಯಬಾರದೆಂದು ಡ್ರೈವರ್ ಎಡಕ್ಕೂ ನೋಡಿದ, ಬಲಕ್ಕೂ ನೋಡಿದ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ.

ಕಟ್.

ಈ ಸಲ ಕತ್ತು ಬಲಕ್ಕೆ ನಿಂತಿತು.

ಫೋಟೋದವನು ಕ್ಯಾಮೆರಾ ಇಳಿಸಿದ. ಡಾಕ್ಟರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಂಡರು.

"ನೀವು ಹೇಳಿದ್ದೇ ಸರಿಯಮ್ಮ. ಭುಜ ಹಿಡಿದವರು ನೀವು. ಇವರು ನಿಮ್ಮ ಪೇಷಂಟೇ."

"ಛೆ, ಎಲ್ಲಾದ್ರೂ ಉಂಟೆ ಡಾಕ್ಟ್ರೇ. ಗಲ್ಲ ಹಿಡಿದು ಗುಣ ಮಾಡಿದ್ದು ನೀವು. ಕೀರ್ತಿ ನಿಮಗೇ ಸೇರ್ಬೇಕು."

"ಇಲ್ಲ ಇಲ್ಲ, ನಿಮಗೆ."

ಇಷ್ಟು ವಿನಯ ಡ್ರೈವರ್ ಎಲ್ಲೂ ಕಂಡಿರಲಿಲ್ಲ. ಈಗಲೂ ಕಾಣಲಿಲ್ಲ, ಇಬ್ಬರೂ ಅವನ ಎಡಗಡೆಗೆ ಹೋಗಿ ನಿಂತಿದ್ದರು. ಬಲಗಡೆ ಕಂಡದ್ದು ಬೆಂಚು ಒಂದೇ. ಅಜ್ಜಿ ಏನೂ ಕೇಳದೆ, ನೋಯುವ ಕೈ ಹಿಡಿದುಕೊಂಡೇ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.