ಒಂಟಿ ಸೀನು

ಪುಟ್ಟಸ್ವಾಮಿ ರೇಷ್ಮೆಗೂಡಿನ ಮೂಟೆ ಹೊತ್ತು ಹೊಸ್ತಿಲು ದಾಟಿದ್ದೇ ತಡ, ಪಕ್ಕದ ಮನೆಯ ಕಿಟಕಿಯಿಂದ ಸೀನು ಬಂತು. ಒಂದೇ ಒಂದು. ಒಂಟಿ ಸೀನಾದರೆ ಹೋದ ಕೆಲಸ ಕೆಟ್ಟಂತೆ, ಜೋಡಿಯಾದರೆ ಕೈಗೂಡಿದಂತೆ. ಅವನು ಮೂಟೆ ಇಳಿಸಿ ಜಗಲಿಯ ಮೇಲೆ ಕೂತುಬಿಟ್ಟ.

“ಮೇಡಮ್ಮೋರೆ, ಇನ್ನೊಂದು ಸೀನ್ಬುಡಿ. ರಾಮನಗರದ ಬಸ್ಸು ಬತ್ತಾ ಐತೆ.”

ಸಾತನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಲತಾಮಣಿ ಹೊರಗೆ ಬಂದಳು. ಮೂಗು ಹಣ್ಣುಮೆಣಸಿನಕಾಯಿಯಂತಾಗಿತ್ತು.

“ಇದು ಶಕುನ ಅಲ್ಲ, ಅಲರ್ಜಿ. ನಿಮ್ಮ ಹಿತ್ತಲ ತುಂಬ ಕಾಂಗ್ರೆಸ್ ಗಿಡ. ಮಳೆ ಬಿದ್ದಿದ್ದೇ ಹೂ ಬಿಟ್ಟಿದೆ. ಗುಡ್ಡದಿಂದ ಇಳಿಯೋ ಗಾಳಿ ಅದರ ಪುಡಿಯನ್ನೆಲ್ಲ ತಂದು ನನ್ನ ಕಿಟಕಿಗೇ ಸುರಿಯುತ್ತೆ. ಕಿತ್ತುಹಾಕಿ ಅಂತ ಎಷ್ಟು ಸಲ ಹೇಳಲಿ?”

“ಗಿಡ ನಮ್ದು, ಮೂಗು ನಿಮ್ದು,” ಎಂದಳು ಅವನ ಹೆಂಡತಿ ಮಾಯಮ್ಮ. “ಇವ್ರು ಹೊರಡೋಗಂಟ ಕಿಟಕಿ ಹಾಕ್ಕೊಂಡಿರಿ ಅಂದ್ರೆ ಕೇಳಾಕಿಲ್ಲ.”

“ನನ್ನ ಕಿಟಕಿ ನಾನು ಹಾಕಲ್ಲ. ಇವತ್ತು ಭಾನುವಾರ, ನಾನೂ ಮಾರುಕಟ್ಟೆಗೆ ಬರ್ತೀನಿ. ಅಲ್ಲಿ ಈ ಗಿಡ ಇಲ್ಲ. ಒಂಟಿ ಸೀನು ಬರದಿದ್ದರೆ, ಗಿಡವೇ ಕಾರಣ ಅಂತ ಒಪ್ಪಬೇಕು.”

“ಬಂದ್ರೆ ನಿಮ್ಮ ಕಿಟಕಿಗೆ ಹಲಗೆ ಹೊಡೀತೀನಿ,” ಎಂದ ಪುಟ್ಟಸ್ವಾಮಿ.

ಬಸ್ಸಿನಲ್ಲಿ ಅವನು ಒಲೆಗಿಟ್ಟ ಹಾಲು ಕಾಯುವವರ ಹಾಗೆ ಅವಳ ಮೂಗನ್ನೇ ಕಾದ. ಕನಕಪುರ ದಾಟಿತು, ಬಂಡೆಗಳು ದಾಟಿದವು. ಮೂಗು ಒಣಗಿಯೇ ಇತ್ತು. ಲತಾಮಣಿಯ ಗದ್ದ ಊರಿಂದೂರಿಗೆ ಮೇಲೇರಿತು.

ಮಾರುಕಟ್ಟೆಯಲ್ಲಿ ಪುಟ್ಟಸ್ವಾಮಿ ಮೂಟೆ ಬಿಚ್ಚಿ ಸುರಿದಾಗ ಗೂಡಿನ ಧೂಳು ಹೊಗೆಯಂತೆ ಆಡುತ್ತಿತ್ತು. ಅವಳು ತುಟಿ ಕಚ್ಚಿದಳು, ಉಸಿರು ಹಿಡಿದಳು. ಆಗಲಿಲ್ಲ.

ಆಕ್ಷೀ.

ಪುಟ್ಟಸ್ವಾಮಿಯ ಮುಖ ಬಾಡಿತು.

ಆಕ್ಷೀ.

ಅರಳಿತು.

ಗೂಡು ಕೊಂಡು ನೂಲು ತೆಗೆಯುವ ರೀಲರ್ ಮುಜಾಮಿಲ್ ಮುಂದೆ ಹೋಗಿದ್ದವನು ಸದ್ದಿಗೆ ಹಿಂತಿರುಗಿದ. ಪುಟ್ಟಸ್ವಾಮಿಯ ರಾಶಿಯಿಂದ ಗೂಡೊಂದನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ, ಮೊಬೈಲಿನ ಹರಾಜಿನಲ್ಲಿ ಆ ದಿನದ ಎಲ್ಲಕ್ಕಿಂತ ಮೇಲಿನ ರೇಟು ಒತ್ತಿದ.

“ಇದು ಬೇರೆ ಧೂಳು, ಗೂಡಿನದು,” ಎಂದಳು ಲತಾಮಣಿ. “ಒಂಟಿ ಸೀನಂತೂ ಬರಲಿಲ್ಲ ತಾನೇ?”

“ಇಲ್ಲ ಕಣವ್ವಾ. ಒಪ್ಪಿದೆ. ಎಲ್ಲಾ ಆ ಗಿಡದ್ದೇ.”

ಸಂಜೆ ಹಿತ್ತಲಲ್ಲಿ ಹಾರೆಯ ಸದ್ದಾಯಿತು. ಲತಾಮಣಿ ಗೆದ್ದವಳಂತೆ ಕಿಟಕಿಯ ಎರಡೂ ಬಾಗಿಲು ತೆರೆದಳು. ಪುಟ್ಟಸ್ವಾಮಿ ಕಾಂಗ್ರೆಸ್ ಗಿಡದ ಸುತ್ತ ಗೂಟ ನೆಟ್ಟು ಬೇಲಿ ಕಟ್ಟುತ್ತಿದ್ದ. ಮಾಯಮ್ಮ ಬಿಂದಿಗೆಯಿಂದ ನೀರು ಹೊಯ್ಯುತ್ತಿದ್ದಳು.

“ಇದೇನು, ಕೀಳಲ್ವಾ?”

“ಎಲ್ಲಾದ್ರೂ ಉಂಟಾ ಮೇಡಮ್ಮೋರೆ?” ಎಂದ ಪುಟ್ಟಸ್ವಾಮಿ. “ ಸೀನು ಗಿಡದಿಂದ್ಲೇ ಅಂತ ನೀವೇ ಒಪ್ಪಿಸಿದ್ರಿ. ಇಷ್ಟು ಗಿಡಕ್ಕೆ ಒಂದು ಬತ್ತೈತೆ. ಒಸಿ ಬೆಳೀಲಿ, ಎರಡಾಯ್ತದೆ.”

ಲತಾಮಣಿ ಕಿಟಕಿ ಹಾಕಲಿಲ್ಲ. ಉತ್ತರ ಕೊಡಲೆಂದು ಬಾಯಿ ತೆರೆದಳು. ಸೀನು ಬಂತು. ಒಂದೇ.

ಮಾಯಮ್ಮ ಇನ್ನೊಂದು ಬಿಂದಿಗೆ ತರಲು ಹೋದಳು.