ಉಬ್ಬೆ ಮಳೆಯ ಪರೀಕ್ಷೆ

“ಮಳೆಗಾಲದ ಬಗ್ಗೆ ನಾಲ್ಕು ಮಾತು ಹೇಳಿ” ಎಂದಾಗ ಪ್ರಫುಲ್ಲ ಬೆಹೆರಾ ಕೊಡೆ, ಕೆಸರು, ಕಪ್ಪೆ ಎಂದು ಹೇಳಿ ಎದ್ದುಬಂದಿದ್ದರೆ ಅವನ ಕೆಲಸ ಉಳಿಯುತ್ತಿತ್ತು. “ಯಾವ ಮಳೆ ಮೇಡಂ?” ಎಂದು ಕೇಳಿ ಕೆಟ್ಟ.

ಒಡಿಶಾದಿಂದ ಚಿಕ್ಕರಸಿನಕೆರೆಯ ಬ್ಯಾಂಕಿಗೆ ಬಂದು ವರ್ಷವಾಗುತ್ತ ಬಂದಿತ್ತು. ಕನ್ನಡ ಬರುತ್ತದೆ ಎಂದು ಮಂಡ್ಯದ ಪರೀಕ್ಷೆಯಲ್ಲಿ ತೋರಿಸದಿದ್ದರೆ ಕೆಲಸ ಹೋದಂತೆ. ಇವತ್ತೇ ಕೊನೆಯ ಅವಕಾಶ.

ಕಲಿಸಿದವಳು ಬಾಡಿಗೆ ಮನೆಯ ಒಡತಿ ಚಲುವಮ್ಮ. ಇವತ್ತು ಯಾವ ಮಳೆ ನಡೀತದೆ ಅಂತ ಹೇಳದೆ ಅವಳು ಎರಡನೇ ಮುದ್ದೆ ಬಡಿಸುತ್ತಿರಲಿಲ್ಲ. ಶಾಲೆಯ ಮುಖ ಕಾಣದ ಆಕೆ ಮಳೆಗಳನ್ನು ನೆಂಟರಂತೆ ಹೆಸರು ಹಿಡಿದು ಮಾತಾಡಿಸುತ್ತಿದ್ದಳು: ಭರಣಿ ಹೇಳಿದ ದಿನಕ್ಕೆ ಬಂದವಳು, ರೋಹಿಣಿ ಮುನಿಸಿಕೊಂಡವಳು. ಪ್ರಫುಲ್ಲನಿಗೆ ಆ ಮಾತುಗಳ ಹುಚ್ಚು ಹಿಡಿಯಿತು. ಒಂದೊಂದನ್ನೂ ಬರೆದುಕೊಂಡು ನಿಘಂಟಿನಲ್ಲಿ ಅದರ ಬೇರು ಹುಡುಕುತ್ತಿದ್ದ.

ಪರೀಕ್ಷಕಿ ನಾಗಶ್ರೀ ಕನ್ನಡಕ ಏರಿಸಿದರು. “ಯಾವ ಮಳೆ ಅಂದ್ರೆ?”

“ಮಗೆ ಕಳ್ದು ಉಬ್ಬೆ ಉಟ್ಟಿ ಮೂರು ದಿನ ಆಯ್ತು. ಪೂರ್ವಾ ಅನ್ನೋ ನಕ್ಷತ್ರ ಪುಬ್ಬೆ ಆಯ್ತು, ಪುಬ್ಬೆ ಹೋಗಿ ಹುಬ್ಬೆ. ನಮ್ ಕಡೆ ಅದ್ರಲ್ಲಿ ಹಕಾರಾನೂ ಉದುರೋಗದೆ.”

ನಾಗಶ್ರೀ ಪೆನ್ನು ಕೆಳಗಿಟ್ಟರು. ಅವರಿಗೆ ಸತ್ತುಹೋದ ತಮ್ಮ ಅಜ್ಜಿಯೇ ಎದುರು ಕೂತಂತಾಯಿತು. ಬೆಳಗಿನಿಂದ ಹದಿನೇಳು ಜನ ‘ಮಳೆ ಬರುತ್ತಾನೆ’ ಎಂದಿದ್ದರು. ಹದಿನೆಂಟನೆಯವನು ಹೀಗೆ! ಅವರು ಆಧಾರ್ ಕಾರ್ಡು ಕೇಳಿದರು. ಅದರಲ್ಲಿದ್ದ ಮುಖ ಎಲ್ಲರ ಆಧಾರ್ ಮುಖದಂತೆ ಯಾರನ್ನೂ ಹೋಲುತ್ತಿರಲಿಲ್ಲ.

“ನಿಜ ಹೇಳಿ. ಬೆಹೆರಾ ಬದಲು ಬಂದಿರೋ ನೀವು ಯಾರು?”

ಪ್ರಫುಲ್ಲ ತಾನು ಒಡಿಶಾದವನೇ ಎಂದು ತೋರಿಸಲು ಒಡಿಯಾದಲ್ಲಿ ಒಂದು ಪದ್ಯ ಹೇಳಿದ. ಅಲ್ಲಿ ಒಡಿಯಾ ಬಲ್ಲವರು ಯಾರೂ ಇರಲಿಲ್ಲ. ಬಾಗಿಲಲ್ಲಿದ್ದ ಗುಮಾಸ್ತ, ಇದು ಈಗ ತಾನೇ ಕಟ್ಟಿದ ಭಾಷೆ ಎಂದು ಅಭಿಪ್ರಾಯಪಟ್ಟ. ದಿಕ್ಕು ತೋಚದೆ ಪ್ರಫುಲ್ಲ, ಮನೆಯವರನ್ನೇ ಕೇಳಿ ಎಂದು ಚಲುವಮ್ಮನ ನಂಬರು ಕೊಟ್ಟ. ನಾಗಶ್ರೀ ಸ್ಪೀಕರ್ ಹಾಕಿದರು.

“ನಿಮ್ಮ ಮನೇಲಿರೋ ಪ್ರಫುಲ್ಲ ಬೇರೆ ರಾಜ್ಯದವರು ತಾನೆ?”

ಹೊರಗಿನವನೆಂದು ಹುಡುಗನನ್ನು ಯಾರೋ ಗೋಳಾಡಿಸುತ್ತಿದ್ದಾರೆ ಎಂದುಕೊಂಡಳು ಚಲುವಮ್ಮ. ತನ್ನ ಮನೆಯ ಅನ್ನ ಉಂಡವನನ್ನು ಬಿಟ್ಟುಕೊಡುವುದುಂಟೆ?

“ಯಾರವ್ವ ಅಂಗಂದೋರು? ಅವ ನಮ್ಮೈದ. ನಾನೇ ಎತ್ತಾಡ್ಸಿ ಬೆಳ್ಸಿದ್ದು.”

“ಅವ್ವಾ, ನಿಜ ಹೇಳವ್ವ” ಎಂದು ಪ್ರಫುಲ್ಲ ಅಂಗಲಾಚಿದ.

“ನೀ ಎದುರ್ಕೊಬ್ಯಾಡ ಕಣ್ಲಾ, ನಾವಿಲ್ವಾ?” ಎಂದಳು ಚಲುವಮ್ಮ. ಅವಳ ಗಂಡ ಹೊನ್ನಯ್ಯ ಫೋನು ಕಿತ್ತುಕೊಂಡ. “ನನ್ ಮೂಗೇ ಅವನ್ಗೂ ಬಂದದೆ, ನೋಡ್ಕೊಳಿ. ಇನ್ನೂ ಸಾಕ್ಷಿ ಬೇಕಾದ್ರೆ ಕೇರಿಯೋರ್ನೆಲ್ಲ ಕರ್ಕೊಂಡು ಮುಂದಿನ್ ಬಸ್ಸಿಗೇ ಬತ್ತೀನಿ.”

ಸಾಕ್ಷಿ ಬೇಕಾಗಲಿಲ್ಲ. ನಾಗಶ್ರೀ ಹಾಳೆಯ ಮೇಲೆ ‘ಅಭ್ಯರ್ಥಿ ಗೈರುಹಾಜರು’ ಎಂದು ಬರೆದು, ಅಡಿಗೆರೆ ಎಳೆದು, ಎದುರಿಗಿದ್ದವನನ್ನು ಮರುಕದಿಂದ ನೋಡಿದರು.

“ಎಂಥ ಕನ್ನಡ ನಿಮ್ಮದು! ನಿಮ್ಮ ಹೆಸರಲ್ಲೇ ಬಂದಿದ್ರೆ ನೂರಕ್ಕೆ ನೂರು ಕೊಡ್ತಿದ್ದೆ.”